ಹೆಬ್ಬೆಟ್ಟೇ ಬೀಗದ ಕೈ ಆದಾಗ ಖಾತೆಗೆ ಕಾವಲು ಯಾರು?

ಕಾಳಿ ನದಿ ಕಡಲು ಸೇರುವ ದೇವಬಾಗದಿಂದ ಹಿಡಿದು ಅಂಕೋಲೆಯ ಮಾವಿನ ತೋಪುಗಳವರೆಗೆ ನಮ್ಮ ಕರಾವಳಿಯ ಸಾಗುವಳಿದಾರರ ಹಣದ ವ್ಯವಹಾರ ಕಳೆದ ಹತ್ತು ವರ್ಷಗಳಲ್ಲಿ ಬಹಳ ಬದಲಾಗಿದೆ. ಪಿಎಂ ಕಿಸಾನ್ ಯೋಜನೆಯ ವರ್ಷಕ್ಕೆ 6,000 ರೂಪಾಯಿ, ಬೆಳೆ ಹಾನಿಯ ಪರಿಹಾರ, ಗೃಹಲಕ್ಷ್ಮಿಯ ಹಣ ಎಲ್ಲವೂ ನೇರವಾಗಿ ಬ್ಯಾಂಕ್ ಖಾತೆಗೆ ಬೀಳುತ್ತವೆ. ಅಂಕೋಲೆಯ ಸಂತೆಯಲ್ಲಿ ಈಶಾಡ ಮಾವು ಮಾರುವವರ ಬುಟ್ಟಿಯ ಪಕ್ಕದಲ್ಲೂ ಸ್ಕ್ಯಾನ್ ಮಾಡುವ ಚೀಟಿ ಕಾಣಸಿಗುತ್ತದೆ. ಮೊದಲು ರೈತನು ಗದ್ದೆಗೆ ಬೇಲಿ ಹಾಕಿ, ಮನೆಗೆ ಬೀಗ ಜಡಿದರೆ ಸಾಕಾಗಿತ್ತು. ಈಗ ಬೇಲಿಯೂ ಬೀಗವೂ ಇಲ್ಲದ ಮೂರನೆಯದೊಂದು ಆಸ್ತಿ ಅವನ ಕೈಗೆ ಬಂದಿದೆ. ಅದು ಮೊಬೈಲು, ಆಧಾರ್ ಮತ್ತು ಬ್ಯಾಂಕ್ ಖಾತೆ ಮೂರೂ ಒಂದಕ್ಕೊಂದು ಹೆಣೆದುಕೊಂಡಿರುವ ಖಾತೆ.

ರೈತ ಸಂಪರ್ಕ ಕೇಂದ್ರಕ್ಕೆ ಬರುವವರು ಈಚೆಗೆ ಬೀಜ, ಗೊಬ್ಬರಗಳ ಮಾತು ಮುಗಿದ ಮೇಲೆ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ‘ಸಾಹೇಬರೇ, ನಾವು ಯಾರಿಗೂ ನಂಬರು ಹೇಳಿಲ್ಲ, ಓಟಿಪಿ ಕೊಟ್ಟಿಲ್ಲ. ಆದರೂ ಹಣ ಹೋಗುವುದು ಹೇಗೆ?’ ಈ ಪ್ರಶ್ನೆಗೆ ‘ನಿಮ್ಮ ಅಜಾಗರೂಕತೆ’ ಎಂದು ಉತ್ತರ ಕೊಟ್ಟು ಕಳಿಸುವುದು ಸುಲಭ. ಆದರೆ ಆ ಉತ್ತರ ಎಲ್ಲ ಸಂದರ್ಭಗಳಲ್ಲೂ ಸರಿಯಲ್ಲ. ನಮ್ಮ ರಾಜ್ಯದಲ್ಲೇ 2023ರಲ್ಲಿ ನಡೆದ ಪ್ರಕರಣಗಳು ಇದಕ್ಕೆ ಸಾಕ್ಷಿ.

ನಡೆದದ್ದೇನು?

ಆ ವರ್ಷ ಬೆಂಗಳೂರು, ಮಂಗಳೂರು ಮುಂತಾದ ಕಡೆಗಳಲ್ಲಿ ಪೊಲೀಸರ ಮುಂದೆ ಒಂದೇ ಬಗೆಯ ದೂರುಗಳು ಬರತೊಡಗಿದವು. ದೂರುದಾರರು ಯಾವ ಲಿಂಕನ್ನೂ ಒತ್ತಿರಲಿಲ್ಲ, ಯಾವ ಕರೆಗೂ ಮರುಳಾಗಿರಲಿಲ್ಲ. ಅವರಲ್ಲಿ ಅನೇಕರು ಸ್ವಲ್ಪ ದಿನಗಳ ಹಿಂದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಕ್ರಯಪತ್ರವನ್ನೋ ಬೇರೊಂದು ದಸ್ತಾವೇಜನ್ನೋ ನೋಂದಣಿ ಮಾಡಿಸಿ ಬಂದವರು. ನೋಂದಣಿ ಪತ್ರದಲ್ಲಿ ಕಕ್ಷಿದಾರರ ಹೆಬ್ಬೆಟ್ಟಿನ ಗುರುತು ಇರುತ್ತದೆ. ಎಷ್ಟೋ ಪತ್ರಗಳಲ್ಲಿ ಆಧಾರ್ ಸಂಖ್ಯೆಯೂ ಇರುತ್ತದೆ. ಇಂಥ ಪತ್ರಗಳ ಪ್ರತಿಗಳನ್ನು ಕಂಪ್ಯೂಟರಿನ ಮೂಲಕ ಪಡೆದು, ಅದರಲ್ಲಿನ ಬೆರಳಚ್ಚಿನಿಂದ ನಕಲಿ ಬೆರಳು ತಯಾರಿಸಿ, ಖಾತೆಯಿಂದ ಹಣ ತೆಗೆದಿದ್ದರೆಂಬುದು ಪೊಲೀಸ್ ತನಿಖೆಯಲ್ಲಿ ಕಂಡುಬಂತು. ಬೆಂಗಳೂರು ಪೊಲೀಸರು 2023ರ ಅಕ್ಟೋಬರ್‌ನಲ್ಲಿ ಬಿಹಾರ ಮೂಲದ ಆರೋಪಿಗಳನ್ನು ಬಂಧಿಸಿದರು. ಬಳಿಕ ನೋಂದಣಿ ಮತ್ತು ಮುದ್ರಾಂಕ ಇಲಾಖೆಯು ಕಾವೇರಿ ತಂತ್ರಾಂಶದ ಮೂಲಕ ಕೊಡುವ ಪ್ರತಿಗಳಲ್ಲಿ ಬೆರಳಚ್ಚು ಕಾಣದಂತೆ ಮರೆಮಾಡುವ ಕ್ರಮ ಕೈಗೊಂಡಿತು.

ಜಮೀನಿನ ಮೇಲಿನ ಹಕ್ಕನ್ನು ಭದ್ರಪಡಿಸಲು ಒತ್ತಿದ ಹೆಬ್ಬೆಟ್ಟೇ ಬ್ಯಾಂಕಿನ ಹಣ ಕಳೆದುಕೊಳ್ಳಲು ದಾರಿಯಾಯಿತು.

ಹಣ ಹೋಗುವ ಬಗೆ

ಆಧಾರ್ ಆಧಾರಿತ ಪಾವತಿ ಎಂಬ ವ್ಯವಸ್ಥೆ ಹಳ್ಳಿಗಳಲ್ಲಿ ‘ಹೆಬ್ಬೆಟ್ಟು ಒತ್ತಿ ಹಣ ತೆಗೆಯುವುದು’ ಎಂದೇ ಪರಿಚಿತವಾಗಿದೆ. ಇದನ್ನು ನಡೆಸುವುದು 2008ರಲ್ಲಿ ಸ್ಥಾಪನೆಯಾದ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ. ಬ್ಯಾಂಕ್ ಮಿತ್ರನ ಬಳಿ ಇರುವ ಚಿಕ್ಕ ಯಂತ್ರದಲ್ಲಿ ಆಧಾರ್ ಸಂಖ್ಯೆಯನ್ನೂ ಬ್ಯಾಂಕಿನ ಹೆಸರನ್ನೂ ಕೊಟ್ಟು ಬೆರಳು ಒತ್ತಿದರೆ ಹಣ ಕೈಗೆ ಬರುತ್ತದೆ. ಇದಕ್ಕೆ ಎಟಿಎಂ ಕಾರ್ಡು, ಪಿನ್, ಓಟಿಪಿ ಯಾವುದೂ ಬೇಡ.

ಇದರ ಉಪಯೋಗವನ್ನು ಅಲ್ಲಗಳೆಯುವಂತಿಲ್ಲ. ಓದು ಬರಹ ಬಾರದ ವೃದ್ಧರಿಗೆ, ಬ್ಯಾಂಕಿಗೆ ಹೋಗಲು ಹೊಳೆ ದಾಟಿ ಅರ್ಧ ದಿನ ಕಳೆಯಬೇಕಾದವರಿಗೆ ಇದು ದೊಡ್ಡ ಅನುಕೂಲ. 2018ರ ಸೆಪ್ಟೆಂಬರ್ 1ರಂದು ದೇಶದಾದ್ಯಂತ ಆರಂಭವಾದ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕಿನಿಂದಾಗಿ ಪೋಸ್ಟ್‌ಮನ್ನರೇ ಮನೆ ಬಾಗಿಲಿಗೆ ಬಂದು ಹಣ ಕೊಡುವಂತಾಗಿದೆ.

ದೋಷವಿರುವುದು ಬೇರೆ ಕಡೆ. ಬೀಗದ ಕೈ ಕಳೆದರೆ ಬೀಗ ಬದಲಾಯಿಸಬಹುದು. ಪಿನ್ ಬೇರೆಯವರಿಗೆ ತಿಳಿದರೆ ಹೊಸ ಪಿನ್ ಹಾಕಬಹುದು. ಬೆರಳಿನ ಗೆರೆಯನ್ನು ಬದಲಾಯಿಸಲು ಬರುವುದಿಲ್ಲ. ಅದು ಒಮ್ಮೆ ಕಳ್ಳನ ಕೈ ಸೇರಿದರೆ ಜೀವಮಾನ ಪೂರ್ತಿ ಅವನಲ್ಲೇ ಇರುತ್ತದೆ. ಮೇಲಾಗಿ ನಾವು ಅದನ್ನು ಗುಟ್ಟಾಗಿಯೂ ಇಟ್ಟಿಲ್ಲ. ಕ್ರಯಪತ್ರದಲ್ಲಿ, ಸಾಲದ ಕಾಗದದಲ್ಲಿ, ಸಿಮ್ ಅಂಗಡಿಯಲ್ಲಿ, ನ್ಯಾಯಬೆಲೆ ಅಂಗಡಿಯಲ್ಲಿ ಕೇಳಿದಲ್ಲೆಲ್ಲ ಒತ್ತಿದ್ದೇವೆ. ಹತ್ತಾರು ಕಡೆ ಬಿಟ್ಟು ಬಂದ ಗುರುತನ್ನೇ ಖಾತೆಯ ಬೀಗದ ಕೈ ಮಾಡಿದ್ದು ಈ ವ್ಯವಸ್ಥೆಯ ಮೂಲ ದೌರ್ಬಲ್ಯ.

ಮೊದಲೇ ಬಂದಿದ್ದ ಎಚ್ಚರಿಕೆ

ಇದು ಯಾರೂ ಊಹಿಸದ ಸಂಗತಿಯಾಗಿತ್ತೇ ಎಂದರೆ, ಇಲ್ಲ. ಕರ್ನಾಟಕದ ಪ್ರಕರಣಗಳಿಗೆ ಐದು ವರ್ಷ ಮೊದಲು, 2018ರಲ್ಲಿ, ನೆರೆಯ ತೆಲಂಗಾಣದ ಪೆದ್ದಪಲ್ಲಿ ಜಿಲ್ಲೆಯ ಸಿಮ್ ವ್ಯಾಪಾರಿಯೊಬ್ಬನನ್ನು ಪೊಲೀಸರು ಹಿಡಿದಿದ್ದರು. ಅವನು ನೋಂದಣಿ ಇಲಾಖೆಯ ಜಾಲತಾಣದಿಂದ ಜಮೀನಿನ ಪತ್ರಗಳನ್ನು ಇಳಿಸಿಕೊಂಡು, ಅವುಗಳಲ್ಲಿನ ಹೆಬ್ಬೆಟ್ಟಿನಿಂದ ನಕಲಿ ಬೆರಳಚ್ಚು ಮಾಡಿ ಸಾವಿರಾರು ಸಿಮ್‌ಗಳನ್ನು ಚಾಲೂ ಮಾಡಿದ್ದನು. ಹೀಗೂ ಮಾಡಬಹುದೆಂದು ಅಂದೇ ಗೊತ್ತಾಗಿತ್ತು. ಆದರೂ ನಮ್ಮಲ್ಲಿ ಬೆರಳಚ್ಚನ್ನು ಮರೆಮಾಡಿದ್ದು 2023ರಲ್ಲಿ ಜನರ ಹಣ ಹೋದ ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಸರಿಹೊಂದುತ್ತದೆ.

ಇನ್ನೊಂದು ಉದಾಹರಣೆ ಕಂಪನಿಯೊಂದಕ್ಕೆ ಸಂಬಂಧಿಸಿದ್ದು. 2017ರಲ್ಲಿ ಸಿಮ್ಮಿಗೆ ಆಧಾರ್ ಜೋಡಿಸಲು ಹೋದ ಲಕ್ಷಾಂತರ ಗ್ರಾಹಕರ ಹೆಸರಿನಲ್ಲಿ, ಅವರ ತಿಳಿವಳಿಕೆಯ ಒಪ್ಪಿಗೆ ಇಲ್ಲದೆಯೇ, ಏರ್‌ಟೆಲ್ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆಗಳು ತೆರೆಯಲ್ಪಟ್ಟಿದ್ದವು. ಅಡುಗೆ ಅನಿಲದ ಸಬ್ಸಿಡಿ ಹಣ ಗ್ರಾಹಕರ ಹಳೆಯ ಖಾತೆಗೆ ಬಾರದೆ ಈ ಹೊಸ ಖಾತೆಗಳಿಗೆ ಹೋಯಿತು. ಆ ಡಿಸೆಂಬರ್‌ನಲ್ಲಿ ಆಧಾರ್ ಪ್ರಾಧಿಕಾರವು ಕಂಪನಿಯ ಇ-ಕೆವೈಸಿ ಪರವಾನಗಿಯನ್ನು ತಡೆಹಿಡಿಯಿತು. ಸುಮಾರು 31 ಲಕ್ಷ ಗ್ರಾಹಕರ ಸುಮಾರು 190 ಕೋಟಿ ರೂಪಾಯಿಯನ್ನು ಹಿಂದಿರುಗಿಸಬೇಕಾಯಿತು. 2018ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕು 5 ಕೋಟಿ ರೂಪಾಯಿ ದಂಡ ವಿಧಿಸಿತು. ಸಿಮ್ಮಿಗೆಂದು ಒತ್ತಿದ ಬೆರಳು ಬ್ಯಾಂಕ್ ಖಾತೆಗೂ ಸಹಿಯಾಗಿತ್ತು ಎಂಬುದು ಇಲ್ಲಿ ನಾವು ಗಮನಿಸಬೇಕಾದ ಅಂಶ. ಆದ್ದರಿಂದ ‘ಇದು ಯಾವುದಕ್ಕೆ?’ ಎಂದು ಕೇಳದೆ ಎಲ್ಲಿಯೂ ಬೆರಳು ಒತ್ತಬಾರದು.

ಕೇಳುವವರಾರು?

ಜನರ ಅಸಮಾಧಾನಕ್ಕೆ ಹಣ ಹೋದದ್ದೊಂದೇ ಕಾರಣವಲ್ಲ. ದೂರು ಹೇಳಲು ಹೋದಾಗ ಎದುರಿಗೆ ಮನುಷ್ಯರೇ ಸಿಗುವುದಿಲ್ಲ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಗೊಬ್ಬರದ ಚೀಲದಲ್ಲಿ ತೂಕ ಕಡಿಮೆ ಬಂದರೆ ಸೊಸೈಟಿಯ ಕಾರ್ಯದರ್ಶಿಯನ್ನು ಎದುರಿಗೆ ನಿಲ್ಲಿಸಿ ಕೇಳಬಹುದು. ವಾಟ್ಸಾಪ್ ಖಾತೆ ಕಳ್ಳರ ಕೈ ಸೇರಿದರೆ ಕೇಳಲು ಕಾರವಾರದಲ್ಲಿ ಆ ಕಂಪನಿಯ ಕಚೇರಿ ಇಲ್ಲ. ಸಹಾಯವಾಣಿಗೆ ಕರೆ ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ ಎಂದು ಯಂತ್ರ ಮಾತಾಡುತ್ತದೆ. ಹೆಬ್ಬೆಟ್ಟಿನ ವಂಚನೆಯಲ್ಲಂತೂ ಬ್ಯಾಂಕು ಆಧಾರಿನ ಕಡೆ, ಆಧಾರ್ ಕೇಂದ್ರ ಬ್ಯಾಂಕಿನ ಕಡೆ, ಇಬ್ಬರೂ ಪೊಲೀಸರ ಕಡೆ ಕೈ ತೋರಿಸುವ ಸಂಭವವೇ ಹೆಚ್ಚು. ಈ ಸರಪಳಿಯಲ್ಲಿ ಲಾಭಕ್ಕೆ ಪಾಲುದಾರರು ಹಲವರಿದ್ದಾರೆ. ನಷ್ಟಕ್ಕೆ ಮಾತ್ರ ಖಾತೆದಾರನೊಬ್ಬನೇ.

ಕಾನೂನು ಸುಮ್ಮನೆ ಕುಳಿತಿಲ್ಲವೆಂಬುದನ್ನೂ ಹೇಳಬೇಕು. ಆಧಾರನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಅವರ ಹೆಸರಿನ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. 2018ರ ಸೆಪ್ಟೆಂಬರ್ 26ರ ತೀರ್ಪು ಸರ್ಕಾರದ ಸಹಾಯಧನಕ್ಕೆ ಆಧಾರ್ ಕೇಳುವುದನ್ನು ಒಪ್ಪಿತಾದರೂ ಸಿಮ್ಮಿಗಾಗಲಿ ಬ್ಯಾಂಕ್ ಖಾತೆಗಾಗಲಿ ಅದನ್ನು ಕಡ್ಡಾಯ ಮಾಡುವುದನ್ನು ತಳ್ಳಿಹಾಕಿತು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ವಾಟ್ಸಾಪ್, ಫೇಸ್‌ಬುಕ್‌ಗಳಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಿ, ಗೊತ್ತುಪಡಿಸಿದ ಅವಧಿಯೊಳಗೆ ದೂರು ಇತ್ಯರ್ಥ ಮಾಡಬೇಕು. ಆ ಉತ್ತರ ಒಪ್ಪಿಗೆಯಾಗದಿದ್ದರೆ 2023ರಲ್ಲಿ ಕೇಂದ್ರ ಸರ್ಕಾರ ರಚಿಸಿದ ಮೇಲ್ಮನವಿ ಸಮಿತಿಗಳಿಗೆ ಬರೆಯಬಹುದು. ಆದರೆ ಇವೆಲ್ಲವೂ ಕಂಪ್ಯೂಟರಿನ ಮೂಲಕವೇ ನಡೆಯುವ ವ್ಯವಹಾರ. ಯಾರ ಖಾತೆಯೇ ಕೈತಪ್ಪಿದೆಯೋ ಅವನು ಅದೇ ಮೊಬೈಲಿನಿಂದ ದೂರು ಕೊಡಬೇಕೆಂದರೆ ಹಕ್ಕು ಕಾಗದದಲ್ಲೇ ಉಳಿಯುತ್ತದೆ. ಗ್ರಾಮ ಪಂಚಾಯಿತಿ, ಗ್ರಾಮ ಒನ್ ಕೇಂದ್ರ ಹಾಗೂ ವಾಚನಾಲಯಗಳಲ್ಲಿ ಓದಿದ ಯುವಕರು ನೆರವಿಗೆ ನಿಲ್ಲಬೇಕಾದದ್ದು ಇಲ್ಲಿಯೇ.

ಒಳ ಒಡ್ಡು: ನಾವು ಮಾಡಬೇಕಾದ ಕೆಲಸ

ನಮ್ಮ ಗಜನಿ ಗದ್ದೆಗಳಿಗೆ ಉಪ್ಪು ನೀರು ನುಗ್ಗದಂತೆ ಖಾರ್‌ಲ್ಯಾಂಡ್ ಒಡ್ಡು ಇರುತ್ತದೆ. ಹೊರಗಿನ ದೊಡ್ಡ ಒಡ್ಡನ್ನು ಸರ್ಕಾರ ಕಟ್ಟಬೇಕು. ಒಳಗಿನ ಬದುವನ್ನು ರೈತ ನೋಡಿಕೊಳ್ಳಬೇಕು. ಏಡಿ ಕೊರೆದ ಸಣ್ಣ ತೂತೇ ಮುಂದೆ ಒಡ್ಡು ಒಡೆಯಲು ಸಾಕು. ಖಾತೆಯ ರಕ್ಷಣೆಯೂ ಇದೇ ಬಗೆಯದು. ಮೊದಲು ನಮ್ಮ ಬದುವಿನ ಕೆಲಸ ನೋಡೋಣ.

1. ಬ್ಯಾಂಕ್ ಖಾತೆಗೆ ಈಗ ಬಳಕೆಯಲ್ಲಿರುವ ನಿಮ್ಮದೇ ಮೊಬೈಲ್ ಸಂಖ್ಯೆ ಇದೆಯೇ ಎಂದು ಪಾಸ್‌ಬುಕ್ ಒಯ್ದು ಕೇಳಿ. ಹಳೆಯ ಸಂಖ್ಯೆ ಇದ್ದರೆ ಹಣ ಹೋದ ಸಂದೇಶ ನಿಮಗೆ ಬರುವುದೇ ಇಲ್ಲ. ಆಧಾರಿಗೂ ಇದೇ ಮಾತು ಅನ್ವಯಿಸುತ್ತದೆ.

2. ಹೆಬ್ಬೆಟ್ಟು ಒತ್ತಿ ಹಣ ತೆಗೆಯುವ ರೂಢಿ ಇಲ್ಲದವರು ಆಧಾರಿನ ಬಯೋಮೆಟ್ರಿಕ್‌ಗೆ ಬೀಗ ಹಾಕಿಕೊಳ್ಳುವುದು ಉತ್ತಮ. ಆಧಾರ್ ಪ್ರಾಧಿಕಾರದ ಮೊಬೈಲ್ ಆ್ಯಪ್ ಅಥವಾ ಜಾಲತಾಣದಲ್ಲಿ ಇದಕ್ಕೆ ಅವಕಾಶವಿದೆ, ಖರ್ಚಿಲ್ಲ. ಬೀಗ ಹಾಕಿದ ಮೇಲೆ ನಕಲಿ ಬೆರಳಷ್ಟೇ ಅಲ್ಲ, ನಿಮ್ಮ ಬೆರಳೂ ಕೆಲಸ ಮಾಡುವುದಿಲ್ಲ ಎಂಬುದನ್ನು ನೆನಪಿಡಬೇಕು. ಬೇಕಾದಾಗ ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು. ಹೆಚ್ಚಿನ ವಿವರಕ್ಕೆ 1947 ಸಂಖ್ಯೆಗೆ ಕರೆ ಮಾಡಿ.

3. ತಿಂಗಳು ತಿಂಗಳು ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಒತ್ತಬೇಕಾದವರಿಗೆ, ಮೊಬೈಲ್ ಬಳಸಲು ಬಾರದವರಿಗೆ ಮೇಲಿನ ಕ್ರಮ ತೊಡಕಾಗಬಹುದು. ಅಂಥವರು ಬ್ಯಾಂಕಿಗೆ ಹೋಗಿ, ತಮ್ಮ ಖಾತೆಯಿಂದ ಆಧಾರ್ ಮೂಲಕ ಹಣ ತೆಗೆಯುವ ಸೌಲಭ್ಯವನ್ನು ಮಾತ್ರ ನಿಲ್ಲಿಸಬೇಕೆಂದು ಲಿಖಿತ ಅರ್ಜಿ ಕೊಟ್ಟು, ಅರ್ಜಿಯ ಪ್ರತಿಗೆ ಮೊಹರು ಹಾಕಿಸಿಕೊಳ್ಳಬೇಕು. ಆ ಸೌಲಭ್ಯ ಬೇಕೇ ಬೇಕೆನ್ನುವವರು ಅದಕ್ಕೆಂದೇ ಸಣ್ಣ ಖಾತೆಯೊಂದನ್ನು ಬೇರೆ ಬ್ಯಾಂಕಿನಲ್ಲಿ ಇಟ್ಟುಕೊಂಡು, ಬೆಳೆ ಮಾರಿದ ದೊಡ್ಡ ಹಣವನ್ನು ಇನ್ನೊಂದು ಖಾತೆಯಲ್ಲಿ ಇಡಬಹುದು.

4. ಯಂತ್ರ ‘ಬೆರಳು ಹೊಂದಲಿಲ್ಲ’ ಎಂದರೆ ರಸೀದಿ ಕೇಳಿ. ಗದ್ದೆಯಲ್ಲಿ, ದೋಣಿಯಲ್ಲಿ ದುಡಿದು ಸವೆದ ಬೆರಳಿನವರಿಗೆ ಹೀಗಾಗುವುದು ಸಾಮಾನ್ಯ. ಎರಡು ಮೂರು ಸಲ ಒತ್ತಿಸಿಕೊಂಡು ‘ಹಣ ಬರಲಿಲ್ಲ’ ಎಂದು ಹೇಳಿ, ಒಳಗೊಳಗೇ ಹಣ ಎಳೆದುಕೊಳ್ಳುವ ಮೋಸಕ್ಕೆ ರಸೀದಿ ಕೇಳುವುದೇ ಮದ್ದು. ಪಾಸ್‌ಬುಕ್ಕನ್ನು ತಿಂಗಳಿಗೊಮ್ಮೆಯಾದರೂ ಭರ್ತಿ ಮಾಡಿಸಿ.

5. ಆಧಾರಿನ ನಕಲು ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯನ್ನು ಕೊಡಿ. ಜೆರಾಕ್ಸ್ ಪ್ರತಿಯ ಮೇಲೆ ಯಾವ ಕೆಲಸಕ್ಕೆ ಕೊಟ್ಟದ್ದು ಎಂದು ಬರೆದು ದಿನಾಂಕ ಹಾಕಿ.

6. ಹಣ ಪಡೆಯಲು ಪಿನ್ ಒತ್ತುವ ಅಗತ್ಯವಿಲ್ಲ; ಸ್ಕ್ಯಾನ್ ಮಾಡುವ ಅಗತ್ಯವೂ ಇಲ್ಲ. ಪಿನ್ ಇರುವುದು ಹಣ ಕೊಡಲು ಮಾತ್ರ. ‘ಮಾವಿಗೆ ಮುಂಗಡ ಕಳಿಸುತ್ತೇನೆ, ಇದನ್ನು ಸ್ಕ್ಯಾನ್ ಮಾಡಿ’ ಎಂದು ಹೇಳುವವನು ವ್ಯಾಪಾರಿಯಲ್ಲ, ಕಳ್ಳ.

7. ಪಿಎಂ ಕಿಸಾನ್ ಕಂತು, ಬೆಳೆ ಪರಿಹಾರ ಎಂದು ವಾಟ್ಸಾಪಿನಲ್ಲಿ ಬರುವ ಆ್ಯಪ್ ಕಡತಗಳನ್ನು ಒತ್ತಬೇಡಿ. ಅದು ಮೊಬೈಲಿನ ಒಳಹೊಕ್ಕು ಓಟಿಪಿ ಸಂದೇಶಗಳನ್ನು ಓದಿಕೊಳ್ಳುತ್ತದೆ. ಪರಿಚಿತರಿಂದ ಬಂದರೂ ಒತ್ತಬೇಡಿ; ಅವರ ಖಾತೆಯೇ ಕಳ್ಳರ ಕೈಯಲ್ಲಿರಬಹುದು.

8. ವಾಟ್ಸಾಪಿಗೆ ಆರಂಕಿಯ ಎರಡನೆಯ ಪಿನ್ ಇಟ್ಟುಕೊಳ್ಳುವ ಅವಕಾಶ ಅದರ ಸೆಟ್ಟಿಂಗ್ಸ್‌ನಲ್ಲಿದೆ. ಇದನ್ನು ಹಾಕಿಕೊಂಡರೆ ಓಟಿಪಿ ಒಂದರಿಂದಲೇ ಖಾತೆ ಕದಿಯಲು ಆಗದು. ನಕ್ಷತ್ರದ ಗುರುತು ಮತ್ತು 401ರಿಂದ ಆರಂಭವಾಗುವ ಸಂಖ್ಯೆಯನ್ನು ಒತ್ತಲು ಯಾರಾದರೂ ಹೇಳಿದರೆ ಒತ್ತಬೇಡಿ; ನಿಮಗೆ ಬರುವ ಕರೆಗಳನ್ನು ಅವರ ಕಡೆ ತಿರುಗಿಸುವ ಉಪಾಯ ಅದು.

9. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನು ದೂರಸಂಪರ್ಕ ಇಲಾಖೆ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು. ನಿಮ್ಮದಲ್ಲದ ಸಿಮ್ ಇದ್ದರೆ ಅಲ್ಲಿಯೇ ತಿಳಿಸಬಹುದು. ಮೊಬೈಲು ಕಳೆದರೆ ಅದನ್ನು ನಿಷ್ಕ್ರಿಯಗೊಳಿಸಲೂ ಅಲ್ಲಿ ಅವಕಾಶವಿದೆ.

ಹಣ ಹೋದಲ್ಲಿ

ಕೀಟ ಕಂಡ ದಿನವೇ ಔಷಧಿ ಹೊಡೆದರೆ ಬೆಳೆ ಉಳಿಯುವಂತೆ ಇಲ್ಲಿಯೂ ಮೊದಲ ಕೆಲವು ಗಂಟೆಗಳೇ ಮುಖ್ಯ. ಕೂಡಲೇ 1930ಕ್ಕೆ ಕರೆ ಮಾಡಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತಾ ಹೋಗುತ್ತದೆ. ಅದು ನಗದಾಗುವ ಮೊದಲೇ ತಡೆದು ನಿಲ್ಲಿಸಲು ಈ ಸಹಾಯವಾಣಿ ಇದೆ. ಜೊತೆಗೇ ಬ್ಯಾಂಕಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಬೇಕು. ಕಾರವಾರದಲ್ಲಿ ಸೈಬರ್ ಅಪರಾಧಗಳಿಗೆಂದೇ ಸಿಇಎನ್ ಪೊಲೀಸ್ ಠಾಣೆ ಇದೆ.

ಬ್ಯಾಂಕಿಗೆ ಹೋಗುವಾಗ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯನ್ನು ನೆನಪಿಟ್ಟುಕೊಳ್ಳಿ. ತಪ್ಪು ಬ್ಯಾಂಕಿನದಾದರೆ ಗ್ರಾಹಕನ ಮೇಲೆ ನಷ್ಟ ಹೊರಿಸುವಂತಿಲ್ಲ ಎಂದು ಅದು ವಿಧಿಸಿತು. ತಪ್ಪು ಬ್ಯಾಂಕಿನದೂ ಅಲ್ಲದೆ ಗ್ರಾಹಕನದೂ ಅಲ್ಲದೆ ವ್ಯವಸ್ಥೆಯ ಬೇರೆ ಕಡೆ ಇದ್ದು, ಬ್ಯಾಂಕಿನಿಂದ ಸಂದೇಶ ಬಂದ ಮೂರು ಕೆಲಸದ ದಿನಗಳೊಳಗೆ ಗ್ರಾಹಕ ತಿಳಿಸಿದರೆ ಅವನ ಹೊಣೆ ಸೊನ್ನೆ ಎಂದೂ, ನಾಲ್ಕರಿಂದ ಏಳು ದಿನಗಳಾದರೆ ಹೊಣೆಗೆ ಮಿತಿ ಇದೆಯೆಂದೂ ಹೇಳಿತು. ಗ್ರಾಹಕನೇ ತಪ್ಪು ಮಾಡಿದ್ದಾನೆಂದು ರುಜುವಾತು ಮಾಡುವ ಭಾರವನ್ನು ಬ್ಯಾಂಕಿನ ಮೇಲೆಯೇ ಹಾಕಿತು. ಸಹಕಾರಿ ಬ್ಯಾಂಕುಗಳಿಗೂ ಅದೇ ವರ್ಷ ಡಿಸೆಂಬರ್‌ನಲ್ಲಿ ಇಂಥದೇ ಸುತ್ತೋಲೆ ಹೊರಟಿತು. ಇಂಥ ನಿಯಮಗಳು ಕಾಲಕಾಲಕ್ಕೆ ತಿದ್ದುಪಡಿಯಾಗುವುದರಿಂದ ಈಗಿನ ಮಿತಿ, ಅವಧಿಗಳನ್ನು ಶಾಖೆಯಲ್ಲಿ ಕೇಳಿ ತಿಳಿಯಬೇಕು. ಬೇಗ ಬರೆದುಕೊಟ್ಟವನ ದಾವೆಗೆ ಬಲ ಹೆಚ್ಚು ಎಂಬುದಂತೂ ಖಚಿತ.

ಹೆಬ್ಬೆಟ್ಟಿನ ವಂಚನೆಯಲ್ಲಿ ಗ್ರಾಹಕ ಓಟಿಪಿ ಕೊಟ್ಟಿಲ್ಲ, ಪಿನ್ ಹೇಳಿಲ್ಲ. ಹೀಗಿರುವಾಗ ‘ನಿಮ್ಮ ಬೆರಳೇ ಬಿದ್ದಿದೆ, ನಾವೇನು ಮಾಡುವುದು?’ ಎಂದು ಬಾಯಿಮಾತಿನಲ್ಲಿ ಹೇಳಿ ಕಳಿಸಿದರೆ ಒಪ್ಪಬಾರದು. ಹಣ ತೆಗೆದ ಸ್ಥಳ, ಸಮಯ, ಯಂತ್ರದ ವಿವರಗಳನ್ನು ಲಿಖಿತವಾಗಿ ಕೇಳಬೇಕು. ದೇವಬಾಗದವನು ಮನೆಯಲ್ಲಿದ್ದ ಹೊತ್ತಿನಲ್ಲಿ ಅವನ ಬೆರಳು ಬೇರೆ ರಾಜ್ಯದಲ್ಲಿ ಬಿದ್ದಿದ್ದರೆ ಅದೇ ದೊಡ್ಡ ಸಾಕ್ಷ್ಯ. ಮೂವತ್ತು ದಿನಗಳಲ್ಲಿ ಬ್ಯಾಂಕು ಉತ್ತರಿಸದಿದ್ದರೆ ಅಥವಾ ಉತ್ತರ ತೃಪ್ತಿಕರವಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಉಚಿತವಾಗಿ ದೂರು ಸಲ್ಲಿಸಬಹುದು. ವಿಚಾರಣೆಗೆ ದೂರವಾಣಿ 14448. ಸೇವೆಯಲ್ಲಿನ ಲೋಪಕ್ಕೆ ಕಾರವಾರದಲ್ಲಿರುವ ಜಿಲ್ಲಾ ಗ್ರಾಹಕರ ಆಯೋಗದ ಬಾಗಿಲೂ ತೆರೆದಿದೆ. ಅಲ್ಲಿಗೆ ಹೋಗುವ ಮೊದಲು 1915ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು.

ಹೊರ ಒಡ್ಡು: ಅವರು ಮಾಡಬೇಕಾದ ಕೆಲಸ

ಇಷ್ಟೆಲ್ಲ ಎಚ್ಚರಿಕೆಗಳನ್ನು ರೈತನ ತಲೆಗೇ ಕಟ್ಟಿ ಕೈ ತೊಳೆದುಕೊಳ್ಳುವುದು ನ್ಯಾಯವಲ್ಲ. ಹೊರ ಒಡ್ಡು ಒಡೆದಿದ್ದರೆ ಒಳ ಬದುವನ್ನು ಎಷ್ಟು ಏರಿಸಿದರೂ ಉಪ್ಪು ನೀರು ನಿಲ್ಲದು. ಈ ದಿಕ್ಕಿನಲ್ಲಿ ಕೆಲವು ಕೆಲಸಗಳು ಆಗಿವೆ. 2023ರ ಫೆಬ್ರುವರಿಯಲ್ಲಿ ಆಧಾರ್ ಪ್ರಾಧಿಕಾರವು ಒತ್ತಿದ ಬೆರಳು ಜೀವಂತವೋ ಅಂಟಿನದೋ ಎಂದು ಪರೀಕ್ಷಿಸುವ ಹೊಸ ವಿಧಾನವನ್ನು ಪ್ರಕಟಿಸಿತು. ಹೆಬ್ಬೆಟ್ಟು ಯಂತ್ರ ನಡೆಸುವವರ ಪೂರ್ವಾಪರವನ್ನು ಬ್ಯಾಂಕುಗಳು ಪರಿಶೀಲಿಸಬೇಕು, ಮೂರು ತಿಂಗಳು ಯಂತ್ರ ಬಳಸದವನನ್ನು ಮತ್ತೆ ಪರಿಶೀಲಿಸದೆ ಬಿಡಬಾರದು ಎಂದು ರಿಸರ್ವ್ ಬ್ಯಾಂಕು 2025ರ ಜೂನ್‌ನಲ್ಲಿ ಹೊರಡಿಸಿದ ನಿರ್ದೇಶನವನ್ನು 2026ರ ಜನವರಿ 1ರಿಂದ ಜಾರಿಗೊಳಿಸಿತು. 2023ರ ಆಗಸ್ಟ್‌ನಲ್ಲಿ ವೈಯಕ್ತಿಕ ಮಾಹಿತಿ ಸಂರಕ್ಷಣಾ ಕಾಯಿದೆ ಬಂತು; ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಯಿತು. ಮಾಹಿತಿ ಕಾಯದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಕಾಯಿದೆಯಲ್ಲಿ ಅವಕಾಶವಿದೆ. ಆದರೆ ಸರ್ಕಾರಿ ಸಂಸ್ಥೆಗಳಿಗೆ ವಿನಾಯಿತಿ ಕೊಡುವ ಕಲಮೂ ಅದರಲ್ಲೇ ಇದೆ. ನಮ್ಮ ಹೆಬ್ಬೆಟ್ಟು ಸೋರಿದ್ದು ಸರ್ಕಾರಿ ದಾಖಲೆಯಿಂದಲೇ ಎಂಬುದನ್ನು ನೆನೆದರೆ ಈ ಕಲಮನ್ನು ರೈತ ಸಂಘಟನೆಗಳು ಲಕ್ಷ್ಯಕೊಟ್ಟು ನೋಡಬೇಕಾಗಿದೆ.

ಇನ್ನು ಮೂರು ಕೆಲಸಗಳು ಆಗಬೇಕು. ಹೆಬ್ಬೆಟ್ಟಿನಿಂದ ಹಣ ತೆಗೆಯುವ ಸೌಲಭ್ಯವನ್ನು ಖಾತೆದಾರ ಕೇಳಿದರೆ ಮಾತ್ರ ಕೊಡಬೇಕು. ತಾನಾಗಿ ತೆರೆದಿಟ್ಟು, ಬೇಡವಾದವನು ಬಂದು ಮುಚ್ಚಿಸಲಿ ಎನ್ನಬಾರದು. ಮೊಬೈಲ್ ಇಲ್ಲದವರ ಖಾತೆಯಿಂದ ಹಣ ಹೋದ ಸಂಗತಿ ತಿಳಿಸಲು ಬೇರೊಂದು ಏರ್ಪಾಡು ಬೇಕು. ಸಂದೇಶವೇ ಬಾರದವರಿಗೆ ಮೂರು ದಿನಗಳ ಲೆಕ್ಕ ಹೇಳಿ ಪ್ರಯೋಜನವಿಲ್ಲ. ದೂರು ಕೊಟ್ಟವರು ಬ್ಯಾಂಕಿನಿಂದ ಠಾಣೆಗೆ, ಠಾಣೆಯಿಂದ ಆಧಾರ್ ಕೇಂದ್ರಕ್ಕೆ ಅಲೆಯದಂತೆ ತಾಲ್ಲೂಕಿಗೊಂದಾದರೂ ಮನುಷ್ಯರು ಕುಳಿತ ಕಿಟಕಿ ಬೇಕು, ಕನ್ನಡದಲ್ಲಿ ಅರ್ಜಿ ತೆಗೆದುಕೊಳ್ಳಬೇಕು. 2024ರಿಂದ ಪಹಣಿಗೂ ಆಧಾರ್ ಜೋಡಣೆ ನಡೆದಿದೆ. ಜಮೀನಿನ ದಾಖಲೆ ಭದ್ರವಾಗುವುದು ಒಳ್ಳೆಯದೇ. ಆದರೆ ಎಲ್ಲ ಕೋಣೆಗಳಿಗೂ ಒಂದೇ ಬೀಗದ ಕೈ ಆದಷ್ಟೂ ಅದನ್ನು ಕಾಯುವ ಹೊಣೆ ಹೆಚ್ಚುತ್ತದೆ.

ರೈತ ಬಾಂಧವರು ಈ ವಾರವೇ ಎರಡು ಕೆಲಸ ಮಾಡಲಿ. ಪಾಸ್‌ಬುಕ್ ಭರ್ತಿ ಮಾಡಿಸಿ ಮೊಬೈಲ್ ಸಂಖ್ಯೆ ಪರಿಶೀಲಿಸಿಕೊಳ್ಳಲಿ. ಆಧಾರಿನ ಬೀಗವೋ ಬ್ಯಾಂಕಿನ ಅರ್ಜಿಯೋ ತಮಗೆ ಒಗ್ಗುವುದನ್ನು ಮನೆಯವರೊಂದಿಗೆ ಕುಳಿತು ನಿರ್ಧರಿಸಲಿ. ವಾಚನಾಲಯದ ಗೋಡೆಯ ಮೇಲೆ 1930 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆದು ಹಾಕಿದರೆ, ಓದಲು ಬಾರದವರೂ ಆ ನಾಲ್ಕು ಅಂಕೆಗಳನ್ನು ಗುರುತಿಟ್ಟುಕೊಳ್ಳುತ್ತಾರೆ.